ಉಪಾಸ ಇದ್ದು ಬರ್ರಿ

ನಮ್ಮ ಬೈಲಹೊಂಗಲದಲ್ಲಿ ಸಕ್ಕರೆ ಕಾಯಿಲೆ ಇರುವವರಿಗಿಂತ ಅದಕ್ಕೆ ಮದ್ದು ಹೇಳುವವರು ಹೆಚ್ಚು. ದವಾಖಾನೆಯಲ್ಲಿ ಕೂಡುವ ಡಾಕ್ಟರರ ಮಾತಲ್ಲ ಇದು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ಕಿರಾಣಿ ಅಂಗಡಿಯ ಬಾಗಿಲಲ್ಲಿ, ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಕೂಡುವವರ ಮಾತು. ನನ್ನ ಹೆಂಡತಿಗೆ ಕಾಯಿಲೆ ಎಂದು ತಿಳಿದ ವಾರದೊಳಗೆ ಮನೆಗೆ ಮೆಂತ್ಯ ಬಂತು, ಹಾಗಲಕಾಯಿ ಬಂತು, ನೇರಳೆ ಬೀಜದ ಪುಡಿ ಬಂತು, ಕುಂಡದಲ್ಲಿ ನೆಟ್ಟ ಯಾವುದೋ ಹಸಿರು ಎಲೆಯೂ ಬಂತು. ಕಿತ್ತೂರಿನಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಒಬ್ಬ ಅಪರಿಚಿತ, ಕಂಡಕ್ಟರ್ ಟಿಕೆಟ್ ಕೊಡುವ ಮೊದಲೇ, ಬೆಂಡೆಕಾಯಿ ಸೀಳಿ ನೀರಿನಲ್ಲಿ ನೆನೆಹಾಕುವ ವಿಧಾನ ಹೇಳಿ ಮುಗಿಸಿದ್ದ. ರಾಮದುರ್ಗದಲ್ಲಿರುವ ನನ್ನ ಅಕ್ಕನ ಗಂಡ ಫೋನ್ ಮಾಡಿ, "ದಿನಾ ಮುಂಜಾನೆ ತೊರಗಲ್ಲ ಕೋಟಿ ಹತ್ತಿ ಇಳೀಲಿ, ಸಕ್ರಿ ತಾನ ಇಳೀತೈತಿ" ಎಂದರು. ಬೈಲಹೊಂಗಲದಲ್ಲಿರುವ ಹೆಂಗಸು ದಿನಾ ಮುಂಜಾನೆ ತೊರಗಲ್ಲಿನ ಕೋಟೆಗೆ ಹೇಗೆ ಹೋಗಬೇಕು ಎಂದು ಕೇಳಿದೆ. ಅದು ರೋಗಿ ನೋಡಿಕೊಳ್ಳಬೇಕಾದ ವಿಷಯ ಎಂಬಂತೆ ಅವರು ಫೋನ್ ಇಟ್ಟರು.

ಈ ಪೈಕಿ ಎಲ್ಲರಿಗಿಂತ ದೊಡ್ಡ ವೈದ್ಯ ಯಾರು ಎಂದರೆ ನಾನೇ. ಸಂಪಗಾಂವ ಕಡೆಯ ಒಂದು ಸಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಹ್ರಸ್ವ ದೀರ್ಘ ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಹೆಸರು ಮಾಡಿದವನು. ನಿವೃತ್ತಿಯ ಮರುದಿನ ಬೆಳಿಗ್ಗೆ ಎದ್ದರೆ ತಿದ್ದಲು ಯಾರೂ ಇಲ್ಲ. ಕೈ ತುರಿಸುತ್ತಿತ್ತು. ಅಷ್ಟರಲ್ಲಿ ಮನೆಯಾಕೆಗೆ ಸಕ್ಕರೆ ಕಾಯಿಲೆ ಬಂತು. ದೇವರು ನನಗೆ ಇನ್ನೊಂದು ಕೆಲಸ ಕೊಟ್ಟ ಎಂದುಕೊಂಡೆ. ಹೀಗೆ ಅಂದುಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಅವಳಿಗೆ ಕಾಯಿಲೆಯ ಚಿಂತೆ ಅಷ್ಟಿರಲಿಲ್ಲ. ಅವಳ ಚಿಂತೆ ಕಣ್ಣಿನದು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ನಮ್ಮ ಕಡೆ ಮೋತಿಬಿಂದು ಎನ್ನುತ್ತಾರೆ. ಬಲಗಣ್ಣಂತೂ ಹಾಲು ಸುರಿದ ಗಾಜಿನಂತೆ ಆಗಿತ್ತು. ಧಾರವಾಡದ ಕಣ್ಣಿನ ಡಾಕ್ಟರು ನೋಡಿ, ಆಪರೇಷನ್ ಮಾಡೋಣ, ಆದರೆ ಉಪವಾಸದ ಸಕ್ಕರೆ ಹತೋಟಿಗೆ ಬರುವವರೆಗೆ ಕಣ್ಣಿಗೆ ಕೈ ಹಚ್ಚುವುದಿಲ್ಲ ಎಂದರು. ಸಕ್ಕರೆ ಇಳಿದರೆ ಕಣ್ಣು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯ ಒಂದು ವರ್ಷದ ಕಥೆಯೆಲ್ಲ ಈ ಒಂದೇ ಮಾತಿನ ಸುತ್ತ ತಿರುಗಿತು.

ಅವಳು ಹೂಲಿಯ ಮಗಳು. ಹತ್ತನೆಯ ವಯಸ್ಸಿಗೇ ತಾಯಿಯ ಪಕ್ಕ ಕುಳಿತು ಕೌದಿ ಹೊಲಿಯಲು ಕಲಿತವಳು. ಹಳೆಯ ಸೀರೆ, ಹಳೆಯ ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಗೈ ಅಗಲದ ಚೌಕಗಳನ್ನು ಕೂಡಿಸಿ, ಸಾಲುಸಾಲಾಗಿ ಹೊಲಿಗೆ ಹಾಕುತ್ತ ಹೋಗುವ ಕೆಲಸ ಅದು. ತಾಯಿ ತೀರಿಕೊಂಡ ಮೇಲೆ ಆಕೆಯ ಏಳು ಇಳಕಲ್ ಸೀರೆಗಳು ಇವಳ ಪಾಲಿಗೆ ಬಂದಿದ್ದವು. ಉಟ್ಟು ಉಟ್ಟು ಮೆತ್ತಗಾದ ಸೀರೆಗಳು. ಅವುಗಳದೇ ಒಂದು ಕೌದಿ ಶುರು ಮಾಡಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಯಿತು. ಹೊಲಿಗೆಗೆ ಕಣ್ಣು ಅಷ್ಟು ಬೇಕಿಲ್ಲ, ಬೆರಳಿಗೆ ದಾರಿ ಗೊತ್ತು ಎನ್ನುತ್ತಿದ್ದಳು. ಆದರೆ ಸೂಜಿಗೆ ದಾರ ಪೋಣಿಸುವುದು ಬೆರಳಿನಿಂದ ಆಗುವ ಕೆಲಸವಲ್ಲ. ಹೀಗಾಗಿ ನಾನು ದಿನಾ ಬೆಳಿಗ್ಗೆ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ಒಂದು ಅರಿವೆಯ ಉಂಡೆಗೆ ಚುಚ್ಚಿ ಇಡುತ್ತಿದ್ದೆ. ನಾನು ಬಜಾರಿಗೆ ಹೋದಾಗ ಹನ್ನೆರಡೂ ಮುಗಿದರೆ ಸುಮ್ಮನೆ ಕೈಕಟ್ಟಿ ಕೂಡುತ್ತಿದ್ದಳು. ಬಂದ ಕೂಡಲೇ, "ಸೂಜಿ ತೀರ್‍ಯಾವ್ರಿ" ಎನ್ನುತ್ತಿದ್ದಳು. ಆ ಕೌದಿ ತನ್ನ ಕೈಯಿಂದಲೇ ಮುಗಿಯಬೇಕು ಎಂಬುದು ಅವಳ ಹಟ.

ಇಂಥವಳ ಕಣ್ಣಿಗೋಸ್ಕರ ನಾನು ಬೆಳಗಿನ ನಾಷ್ಟಾದ ವಿರುದ್ಧ ಯುದ್ಧ ಸಾರಿದೆ. ಬೆರಳು ಚುಚ್ಚಿ ಸಕ್ಕರೆ ನೋಡುವ ಮಷಿನ್ ತಂದೆ. ನಾಷ್ಟಾಕ್ಕೆ ಮುಂಚೆ ಒಮ್ಮೆ, ತಿಂದು ಎರಡು ತಾಸಾದ ಮೇಲೆ ಇನ್ನೊಮ್ಮೆ ಚುಚ್ಚಿ, ಸಾಲೆಯ ಹಾಜರಿ ಪುಸ್ತಕದಂಥ ಒಂದು ವಹಿಯಲ್ಲಿ ಕೆಂಪು ಮಸಿಯಿಂದ ಬರೆದೆ. ಆಗ ಗೊತ್ತಾಯಿತು, ನಾವು ಹುಟ್ಟಿದಾಗಿನಿಂದ ಬೆಳಗಿನ ಹೊತ್ತು ತಿಂದದ್ದೆಲ್ಲ ವೇಷ ಹಾಕಿದ ಸಕ್ಕರೆ ಎಂದು.

ಮೊದಲು ಸಿಕ್ಕಿಬಿದ್ದದ್ದು ಸುಸಲಾ. ಚುರುಮುರಿ ತೋಯಿಸಿ, ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ, ಅಂದರೆ ಹುರಿಗಡಲೆಯ, ಹಿಟ್ಟು ಉದುರಿಸಿದ ಸುಸಲಾ. ನಮ್ಮ ಕಡೆ ಅದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಚುರುಮುರಿ ಅಂದ್ರ ಏನೈತ್ರಿ ಅದರಾಗ, ಬರೇ ಗಾಳಿ" ಎಂದಿದ್ದಳು ಅವಳು. ಎರಡು ತಾಸಿನ ಮೇಲೆ ಮಷಿನ್ ನೋಡಿದರೆ ಗಾಳಿಗೆ ಬಿರುಗಾಳಿ ಎದ್ದಿತ್ತು. ಅವಲಕ್ಕಿ ಮಾಡಿದೆವು, ಅದೂ ಅದೇ ಜಾತಿ. ಉಪ್ಪಿಟ್ಟು ಮಾಡಿದೆವು, ಅದು ಅವಲಕ್ಕಿಯ ಅಣ್ಣ. ಇಡ್ಲಿಯ ಮೇಲೆ ನನಗೆ ಬಹಳ ಗೌರವವಿತ್ತು. ಎಣ್ಣೆಯಿಲ್ಲ, ಖಾರವಿಲ್ಲ, ಆವಿಯಲ್ಲಿ ಬೆಂದ ಸಾತ್ವಿಕ ಪದಾರ್ಥ, ಜ್ವರ ಬಂದವರಿಗೆ ಕೊಡುವಂಥದು. ಆ ಸಾತ್ವಿಕ ನಾಲ್ಕು ಇಡ್ಲಿಗೆ ಮಷಿನ್ ಹೇಳಿದ ಸಂಖ್ಯೆ ನೋಡಿ ನಾನು ಮಷಿನ್ನನ್ನೇ ಎರಡು ಸಲ ಅಲ್ಲಾಡಿಸಿದೆ. ಖಾರ ತಿಂದರೆ ಸಿಹಿ ಇಳಿಯುತ್ತದೆ ಎಂದು ಕಿರಾಣಿ ಅಂಗಡಿಯವನು ಹೇಳಿದ್ದಕ್ಕೆ ಒಂದು ದಿನ ಮಿರ್ಚಿ ಭಜಿಯನ್ನೂ ಪರೀಕ್ಷೆ ಮಾಡಿದೆವು. ಆ ದಿನ ಸಕ್ಕರೆಯೂ ಏರಿತು, ಹೊಟ್ಟೆಯೂ ಕೆಟ್ಟಿತು.

ಕಡೆಗೆ ಗೆದ್ದದ್ದು ನಮ್ಮ ಜೋಳದ ರೊಟ್ಟಿ. ಒಂದು ತೆಳುವಾದ ರೊಟ್ಟಿ, ಅದರ ಜೊತೆಗೆ ಮೊಳಕೆ ಬಂದ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯಪಲ್ಲೆ, ಸ್ವಲ್ಪ ಗಟ್ಟಿ ಮೊಸರು. ಮಷಿನ್ ಮೊದಲ ಸಲ ಶಾಂತವಾಯಿತು. ಅವಳಿಗೆ ಮಾತ್ರ ಸಂಕೋಚ. "ಮುಂಜ ಮುಂಜಾನೆ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ, ಇವರ ಮನ್ಯಾಗ ಯಾರ ಹೊಲಕ್ಕ ಗಳೇ ಹೊಡಿಯಾಕ ಹೊಂಟಾರ ಅಂತಾರ ಮಂದಿ" ಎಂದಳು. ಪೇಟೆಯಲ್ಲಿ ಮನೆ ಕಟ್ಟಿ, ಬೆಳಿಗ್ಗೆ ಇಡ್ಲಿ ತಿಂದರೆ ಮುಂದುವರಿದವರು, ರೊಟ್ಟಿ ತಿಂದರೆ ಹಿಂದುಳಿದವರು ಎಂಬ ಲೆಕ್ಕ ನಮ್ಮದು. ಅಂತೂ ರೊಟ್ಟಿ ನಿಂತಿತು. ಮೂರು ವಾರಗಳಲ್ಲಿ ಬೆಳಗಿನ ಸಂಖ್ಯೆಗಳು ಒಂದೊಂದೇ ಮೆಟ್ಟಿಲು ಇಳಿದವು. ವಹಿಯನ್ನು ನಾನು ಬಂದವರಿಗೆಲ್ಲ ತೋರಿಸತೊಡಗಿದೆ.

ಆದರೆ ಕಣ್ಣಿನ ಡಾಕ್ಟರಿಗೆ ನನ್ನ ವಹಿ ಬೇಡ, ಲ್ಯಾಬಿನ ಕಾಗದ ಬೇಕು. ಬಜಾರಿನಲ್ಲಿ ಒಂದು ಲ್ಯಾಬ್ ಇತ್ತು. ರಕ್ತ ತೆಗೆಯುವವನನ್ನು ವಿಚಾರಿಸಿದೆ. "ಏನಿಲ್ರಿ ಸರ, ಉಪಾಸ ಇದ್ದು ಮುಂಜಾನೆ ಕರಕೊಂಡ ಬರ್ರಿ, ಐದ ಮಿನಿಟಿನ ಕೆಲಸ" ಎಂದ. ಉಪವಾಸ ಎಂದ ಕೂಡಲೇ ನನಗೆ ಸೋಮವಾರ ಹೊಳೆಯಿತು. ನಮ್ಮ ಮನೆಯಲ್ಲಿ ಸೋಮವಾರ ಶಿವನ ವಾರ. ಮದುವೆಯಾದಾಗಿನಿಂದ ಅವಳು ತಪ್ಪಿಸಿಲ್ಲ. ಹೇಗೂ ಉಪವಾಸ ಇರುವ ದಿನ ಇರುವಾಗ ಇನ್ನೊಂದು ದಿನ ಯಾಕೆ ಹೊಟ್ಟೆ ಸುಡಬೇಕು? ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಒಂದೇ ದಿನ ಮುಗಿಯಲಿ ಎಂದು ಸೋಮವಾರವನ್ನೇ ಗೊತ್ತು ಮಾಡಿದೆ. ಉಪವಾಸದ ದಿನ ಸಕ್ಕರೆ ಏರುವುದೆಲ್ಲಿಂದ ಎಂದು ಸೋಮವಾರ ಮನೆಯ ಮಷಿನ್ನಿಗೆ ಮೊದಲಿನಿಂದಲೂ ರಜೆ. ಲ್ಯಾಬಿಗೆ ಹೋಗುವ ಸೋಮವಾರವೂ ರಜೆ ಮುಂದುವರಿಸಿದೆ. ಲ್ಯಾಬಿನಲ್ಲಿ ಚುಚ್ಚುವವರು ಇರುವಾಗ ನಾವೂ ಚುಚ್ಚಿ ಪಾಪ ಕಟ್ಟಿಕೊಳ್ಳುವುದು ಬೇಡವೆಂದು.

ನಮ್ಮ ಮನೆಯ ಉಪವಾಸ ಹೇಗಿರುತ್ತದೆ ಎಂದು ಇಲ್ಲಿ ಹೇಳಬೇಕು. ಉಪವಾಸ ಎಂದರೆ ರೊಟ್ಟಿ ಇಲ್ಲ, ಅನ್ನ ಇಲ್ಲ. ಉಪವಾಸದ್ದು ಎಂಬ ಬೇರೆಯೇ ಅಡುಗೆ ಇದೆ. ಸಾಬೂದಾನಿ ಖಿಚಡಿ, ಬಾಳೆಹಣ್ಣು, ಒಂದು ವಾಟಗ ಹಾಲು. ಅವಳ ಕಣ್ಣು ಮಂಜಾದ ಮೇಲೆ ಒಗ್ಗರಣೆಯಲ್ಲಿ ಜೀರಿಗೆ ಸೀದದ್ದು ಕಾಣುತ್ತಿರಲಿಲ್ಲವಾದ್ದರಿಂದ ಸೋಮವಾರದ ಖಿಚಡಿ ನನ್ನ ಕೈಗೆ ಬಂತು. ಸಾಬೂದಾನಿಯನ್ನು ಹಿಂದಿನ ದಿನವೇ ನೆನೆಹಾಕಿ, ಬಟಾಟಿ ಸಣ್ಣಗೆ ಹೆಚ್ಚಿ, ಹುರಿದ ಶೇಂಗಾದ ಪುಡಿ ಬೆರೆಸಿ, ಒಂದಕ್ಕೊಂದು ಅಂಟದಂತೆ ಮಾಡುತ್ತಿದ್ದೆ. ಬಹಳ ಚೆನ್ನಾಗಿ ಮಾಡುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಅವಳಿಗೆ ಬಡಿಸಿ, "ಹೊಟ್ಟಿ ತುಂಬ ತಿನ್ನು, ಲ್ಯಾಬಿನ್ಯಾಗ ರಕ್ತ ತಗೀತಾರ, ಚಕ್ಕರ ಬಂದೀತು" ಎಂದು ಒತ್ತಾಯ ಮಾಡಿ, ಎಂಟೂವರೆಗೆ ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದೆ.

"ಉಪಾಸ ಅದೀರಿಲ್ರಿ ಅಮ್ಮಾರ?" ಎಂದು ಲ್ಯಾಬಿನವನು ಕೇಳುತ್ತಿದ್ದ.

"ಹೂನ್ರಿ, ಸ್ವಾಮಾರ ಅಲ್ರಿ, ಉಪಾಸನ ಅದೇನಿ" ಎಂದು ಅವಳು ಭಕ್ತಿಯಿಂದ ಹೇಳುತ್ತಿದ್ದಳು. ಅವನು ಸಮಾಧಾನದಿಂದ ರಕ್ತ ತೆಗೆಯುತ್ತಿದ್ದ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ.

ಮೊದಲ ಕಾಗದ ಬಂದಾಗ ಸಂಖ್ಯೆ ಇನ್ನೂರರ ಮೇಲಿತ್ತು. ಡಾಕ್ಟರು ಆಪರೇಷನ್ ಒಂದು ತಿಂಗಳು ಮುಂದೆ ಹಾಕಿದರು. ಧಾರವಾಡದಲ್ಲೇ ಇದ್ದ ಸಕ್ಕರೆಯ ಡಾಕ್ಟರು ಒಂದು ಗುಳಿಗೆ ಹೆಚ್ಚಿಗೆ ಬರೆದರು. ಒಂದು ತಿಂಗಳು ಬಿಟ್ಟು ಮತ್ತೆ ಸೋಮವಾರ, ಮತ್ತೆ ಖಿಚಡಿ, ಮತ್ತೆ ಇನ್ನೂರರ ಮೇಲೆ. ಮತ್ತೊಂದು ಗುಳಿಗೆ. ಕೌದಿ ದಿನಕ್ಕೆ ಹನ್ನೆರಡು ಸೂಜಿಯ ಲೆಕ್ಕದಲ್ಲೇ ತೆವಳುತ್ತಿತ್ತು.

ಈಗ ನನ್ನ ಬುದ್ಧಿವಂತಿಕೆ ನೋಡಿ. ವಾರದ ಆರು ದಿನ ಮನೆಯ ಮಷಿನ್ ಸರಿಯಾದ ಸಂಖ್ಯೆ ತೋರಿಸುತ್ತದೆ. ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಮಾತ್ರ ಏರುತ್ತದೆ. ಇದರ ಅರ್ಥವೇನು? ಸಾಲೆಯಲ್ಲಿ ಒಬ್ಬ ದಡ್ಡನಿಗೆ ಕೇಳಿದ್ದರೂ, ಸೋಮವಾರ ಏನು ತಿಂದಳು ಎಂದು ಕೇಳುತ್ತಿದ್ದ. ನಾನು ಜಾಣ. ರವಿವಾರ ಏನೋ ಕದ್ದು ತಿನ್ನುತ್ತಾಳೆ ಎಂದು ತೀರ್ಮಾನ ಮಾಡಿದೆ. ರವಿವಾರ ಮಧ್ಯಾಹ್ನ ಪಕ್ಕದ ಮನೆಯ ವೈನಿಯ ಜೊತೆ ಕಟ್ಟೆಯ ಮೇಲೆ ಕೂಡುತ್ತಿದ್ದಳು. ನಾನು ಪೇಪರ್ ಹಿಡಿದು ಕಿಡಕಿಯ ಒಳಗೆ ಕುಳಿತು ಇಬ್ಬರ ಬಾಯಿಯನ್ನೇ ಕಾಯತೊಡಗಿದೆ. ಬಾಯಿ ಆಡುವುದು ಕಾಣುತ್ತಿತ್ತು. ಹೆಂಗಸರಿಬ್ಬರು ಮಾತಾಡುವಾಗ ಬಾಯಿ ಆಡಿಸುತ್ತಾರೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಇತ್ತು. ಅವಳ ಹೊಲಿಗೆಯ ಪೆಟ್ಟಿಗೆಯಿಂದಲೇ ಕೆಂಪು ದಾರ ತೆಗೆದು, ಡಬ್ಬಿಯ ಬಾಯಿಗೆ ನಾಲ್ಕು ಸುತ್ತು ಸುತ್ತಿ, ನನಗೆ ಮಾತ್ರ ಗೊತ್ತಿರುವ ಗಂಟು ಹಾಕಿದೆ. ಬಿಚ್ಚಿದರೆ ಗೊತ್ತಾಗಬೇಕು ಎಂದು. ಅವಳು ಬಂದು ಕೈಯಿಂದ ತಡವಿ ನೋಡಿದಳು.

"ಇದೇನ್ರಿ?"

"ಬೆಲ್ಲಕ್ಕ ಕಾವಲ."

"ಯಾರಿಗೆ ಕಾವಲ?"

ನಾನು ಹೇಳಬಾರದ್ದನ್ನು ಹೇಳಿದೆ. "ರವಿವಾರ ಏನ ತಿಂತಿ ನೀ, ಖರೇ ಹೇಳು. ನಾ ಇಷ್ಟ ಬಡಕೊಂಡ ಮಾಡಾಕ ಹತ್ತೇನಿ, ನೀ ಹಿಂದ ಕದ್ದ ತಿಂತಿ. ಕಳ್ಳಿ ಅದಿ ನೀ."

ಅವಳು ನನ್ನ ಮುಖದ ಕಡೆ ತಿರುಗಿದಳು. ನಾನು ಎಲ್ಲಿ ನಿಂತಿದ್ದೇನೆ ಎಂದು ದನಿಯ ಮೇಲೆ ಹುಡುಕಿದ ಹಾಗೆ ತಿರುಗಿದಳು. "ನಾ ಏನೂ ತಿಂದಿಲ್ರಿ" ಎಂದಳು. ಅಷ್ಟೇ. ಅಳಲಿಲ್ಲ, ಕೂಗಾಡಲಿಲ್ಲ. ಮರುದಿನ ನಾನು ಎಂದಿನಂತೆ ಹನ್ನೆರಡು ಸೂಜಿ ಪೋಣಿಸಿಟ್ಟೆ. ಸಂಜೆ ನೋಡಿದರೆ ಹನ್ನೆರಡೂ ಉಂಡೆಯಲ್ಲಿ ಹಾಗೆಯೇ ಇದ್ದವು. ಅದರ ಮರುದಿನವೂ ಇದ್ದವು. ನಾನು ಪೋಣಿಸಿದ ಸೂಜಿ ಅವಳು ಮುಟ್ಟುವುದನ್ನು ಬಿಟ್ಟಳು. ನನಗೆ ಕೆಡುಕೆನಿಸಿತು, ಆದರೆ ಮಾಸ್ತರನಿಗೆ ಕೆಡುಕೆನಿಸಿದರೆ ಇನ್ನಷ್ಟು ಬಿಗಿಯಾಗುತ್ತಾನೆ. ತಪ್ಪು ಮಾಡಿದವರೇ ಸಿಟ್ಟು ಮಾಡುತ್ತಾರೆ ನೋಡು ಎಂದುಕೊಂಡೆ.

ಮೂರನೆಯ ಸೋಮವಾರದ ಕಾಗದವೂ ಹಾಗೆಯೇ ಬಂತು, ಗುಳಿಗೆ ಮತ್ತೆ ಏರಿತು. ಅದಾಗಿ ಎರಡು ವಾರಕ್ಕೆ ಒಂದು ಗುರುವಾರ, ಸುಮಾರು ಹನ್ನೊಂದು ಗಂಟೆಗೆ, ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಅಡುಗೆಮನೆಯಿಂದ ಅವಳ ದನಿ ಬಂತು.

"ಏನ್ರಿ, ಕೈ ನಡಗಾಕ ಹತ್ತ್ಯಾವು. ಚೂರ ಬೆಲ್ಲ ಕೊಡ್ರಿ."

ಬೆಲ್ಲ ಎಂಬ ಮಾತು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾದವು. ಕಡೆಗೂ ಬಾಯಿ ಬಿಟ್ಟಳು ಎಂದುಕೊಂಡೆ. "ನಾಟಕ ಬ್ಯಾಡ" ಎಂದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಒಂದು ನಿಮಿಷವೋ, ಅದಕ್ಕಿಂತ ಹೆಚ್ಚೋ, ಓದುತ್ತಿದ್ದ ಸುದ್ದಿಯನ್ನು ಪೂರ್ತಿ ಓದಿ ಮುಗಿಸಿದೆ. ಯಾವ ಸುದ್ದಿ ಅದು ಎಂದು ಈಗ ನೆನಪಿಲ್ಲ. ಆಮೇಲೆ ಒಳಗಿನಿಂದ ವಾಟಗ ಬಿದ್ದ ಸದ್ದು ಕೇಳಿ ಎದ್ದು ಹೋದೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಅಂಥ ಬೆವರನ್ನು ನಾನು ಹೊಲದಲ್ಲಿಯೂ ನೋಡಿಲ್ಲ.

ಡಬ್ಬಿ ತೆಗೆದುಕೊಂಡೆ. ನನಗೆ ಮಾತ್ರ ಗೊತ್ತಿದ್ದ ಗಂಟು ಆಗ ನನಗೂ ಗೊತ್ತಾಗಲಿಲ್ಲ. ಉಗುರು ಹಾಕಿದೆ, ಜಗ್ಗಿದೆ. ಜಗ್ಗಿದಷ್ಟೂ ಬಿಗಿಯಾಯಿತು. ಈಳಿಗೆ ಎಲ್ಲಿದೆ ಎಂದು ಹುಡುಕುವಷ್ಟು ಬುದ್ಧಿಯೂ ಉಳಿದಿರಲಿಲ್ಲ. ಅವಳು ಕೆಳಗಿನಿಂದ, ಬಹಳ ಮೆಲ್ಲಗೆ, "ಹಲ್ಲಿಲೆ ಹರೀರಿ" ಎಂದಳು. ಡಬ್ಬಿಯನ್ನು ಬಾಯಿಗೆ ಹಿಡಿದು ಹಲ್ಲಿನಿಂದ ದಾರ ಕಡಿದೆ. ಬೆಲ್ಲದ ಚೂರು ಅವಳ ಬಾಯಿಗಿಟ್ಟೆ. ಅದು ಕರಗುವವರೆಗೆ ಪಕ್ಕದಲ್ಲಿ ಕುಳಿತೆ. ಹತ್ತು ಹದಿನೈದು ನಿಮಿಷಕ್ಕೆ ನಡುಕ ನಿಂತಿತು. ಮಷಿನ್ ಹಚ್ಚಿ ನೋಡಿದರೆ ಬೆಲ್ಲ ತಿಂದ ಮೇಲೂ ಸಂಖ್ಯೆ ಕೆಳಗೇ ಇತ್ತು. ಸಕ್ಕರೆ ಏರುವುದನ್ನೇ ವರ್ಷವಿಡೀ ಕಾದವನಿಗೆ ಅದು ಇಳಿದು ಕೊಲ್ಲಲೂಬಹುದು ಎಂದು ಅಂದು ತಿಳಿಯಿತು.

ಸಕ್ಕರೆಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೂಡಲೇ ಹೆಚ್ಚಿನ ಗುಳಿಗೆ ನಿಲ್ಲಿಸಿದರು. "ಮನಿ ಮಷಿನ್ ಒಂದ ಹೇಳತೈತಿ, ಲ್ಯಾಬ್ ಒಂದ ಹೇಳತೈತಿ. ಎಲ್ಲೋ ಗಡಿಬಿಡಿ ಐತ್ರಿ ಮಾಸ್ತರ. ಸ್ವಾಮಾರ ಇನ್ನೊಮ್ಮೆ ಉಪಾಸದ ಸಕ್ರಿ ಮಾಡಿಸಿ, ಕಾಗದ ತಗೊಂಡ ಹಂಗ ಬಸ್ ಹತ್ತಿ ಬರ್ರಿ" ಎಂದರು.

ಆ ಸೋಮವಾರವೂ ನಾನು ಖಿಚಡಿ ಮಾಡಿದೆ. ಧಾರವಾಡಕ್ಕೆ ಹೋಗಬೇಕಲ್ಲ, ದಾರಿಗಿರಲಿ ಎಂದು ಒಂದು ಡಬ್ಬಿಯಲ್ಲಿಯೂ ಹಾಕಿಕೊಟ್ಟೆ. ಲ್ಯಾಬಿಗೆ ಹೋದರೆ ಹಳೆಯವನಿರಲಿಲ್ಲ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಇದ್ದರು, ಹೊಸದಾಗಿ ಕೆಲಸಕ್ಕೆ ಬಂದವರು. ಹೆಂಗಸರು ಸಿಕ್ಕರೆ ಊರು ಕೇಳದೆ ಬಿಡುವವಳಲ್ಲ ನನ್ನವಳು.

"ಯಾವೂರ್ರಿ ನಿಮ್ಮದು?"

"ಸವದತ್ತಿರಿ."

"ಹೌದನ, ನಮ್ಮ ತವರಮನಿ ಹೂಲಿ ನೋಡ್ರಿ." ಇಬ್ಬರಿಗೂ ಒಳ್ಳೆಯ ಸಂತೋಷವಾಯಿತು. ಆ ಹೆಂಗಸು ತೋಳಿಗೆ ರಬ್ಬರ್ ಕಟ್ಟಿ, ಹತ್ತಿಯಿಂದ ಒರೆಸಿ, "ಉಪಾಸ ಅದೀರಿಲ್ರಿ ಅಕ್ಕಾರ?" ಎಂದರು.

"ಹೂನ್ರಿ, ಸ್ವಾಮಾರ ತಪ್ಪಸಂಗಿಲ್ರಿ ನಾ. ನೀವೂ ಹಿಡೀತೀರೇನ ಸ್ವಾಮಾರ?"

"ಹಿಡೀತೇನ್ರಿ."

"ಹಂಗಾರ ಈ ಡಬ್ಬಿ ತಗೋರಿ, ಉಪಾಸದ್ದ ಐತಿ. ನಮ್ಮ ಮನಿಯವರು ಮಾಡ್ಯಾರ, ಭಾಳ ಚಲೋ ಮಾಡತಾರ. ನಾ ಈಗ ಹೊಟ್ಟಿ ತುಂಬ ತಿಂದ ಬಂದೇನಿ."

ಸಿರಿಂಜು ಹಿಡಿದ ಕೈ ಅಲ್ಲೇ ನಿಂತಿತು. "ತಿಂದ ಬಂದೀರಿ? ಏನ ತಿಂದ ಬಂದೀರಿ?"

"ಸಾಬೂದಾನಿ ಖಿಚಡಿ. ಒಂದ ಬಾಳಿಹಣ್ಣ. ಹಾಲ."

"ಉಪಾಸ ಅದೇನಿ ಅಂದ್ರಿ?"

"ಹೂನ್ರಿ. ಉಪಾಸದ್ದ ತಿಂದೇನಿ, ಬ್ಯಾರೆ ಏನೂ ತಿಂದಿಲ್ಲ." ನನ್ನ ಕಡೆ ತಿರುಗಿ, "ಕೇಳ್ರಿ ಬೇಕಾದ್ರ ಅವರನ್ನ" ಎಂದಳು. ಅವಳಿಗೆ ಮತ್ತೆ ಕಳ್ಳಿ ಎನಿಸಿಕೊಳ್ಳುವ ಭಯವಿತ್ತು ಎಂದು ನನಗೆ ಆ ದನಿಯಲ್ಲಿ ಗೊತ್ತಾಯಿತು.

ಆ ಹೆಂಗಸು ರಬ್ಬರ್ ಬಿಚ್ಚಿದರು. "ಇದಕ್ಕ ಏನೂ ತಿನಬಾರದ್ರಿ ಅಕ್ಕಾರ. ಹಿಂದಿನ ದಿನಾ ರಾತ್ರಿ ಉಂಡಿದ್ದ, ಮುಂಜಾನೆ ಬರೇ ನೀರ. ಸಾಬೂದಾನಿ ಅಂದ್ರ ಸಕ್ರಿ ತಿಂದಂಗನ ಅದು. ಮೊದಲೂ ಹಿಂಗ ತಿಂದ ಬಂದಿದ್ರೇನ?"

"ಮೂರೂ ಸಲ" ಎಂದಳು. ಸ್ವಲ್ಪ ಯೋಚನೆ ಮಾಡಿ, "ಹಂಗಾರ ಅದಕ್ಕ ಉಪಾಸ ಅನಬಾರದ್ರಿ, ನಿಟ್ಟುಪಾಸ ಅನಬೇಕು" ಎಂದಳು. ಮೂವತ್ತು ವರ್ಷ ಕನ್ನಡ ಕಲಿಸಿದವನ ಮುಂದೆ ಸರಿಯಾದ ಶಬ್ದ ಹೇಳಿದವಳು ನಾಲ್ಕನೆಯ ಇಯತ್ತೆಯವರೆಗೆ ಓದಿದ ನನ್ನ ಹೆಂಡತಿ. ನಾನು ಉಪ ಎಂದರೆ ಸಮೀಪ, ವಾಸ ಎಂದರೆ ಇರುವುದು, ದೇವರ ಸಮೀಪ ಇರುವುದೇ ಉಪವಾಸ ಎಂದು ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆದು ಚಪ್ಪಾಳೆ ತಟ್ಟಿಸಿಕೊಂಡವನು. ಅದರಲ್ಲಿ ಹೊಟ್ಟೆಯ ಸುದ್ದಿಯೇ ಇರಲಿಲ್ಲ.

ಅಷ್ಟಕ್ಕೆ ಮುಗಿದಿದ್ದರೆ ಬೇರೆ ಮಾತು. ಆ ಹೆಂಗಸು ಡಬ್ಬಿ ತೆರೆದು ಮೂಸಿ, "ಚಲೋ ಮಾಡ್ಯಾರ ಬಿಡ್ರಿ" ಎಂದರು.

"ಹೂನ್ರಿ. ಕಡೀಕ ಒಂದ ಚಮಚಾ ಸಕ್ರಿ ಹಾಕತಾರ. ಅದಕ್ಕ ಆ ರುಚಿ" ಎಂದಳು ಅವಳು.

ಹಾಕುತ್ತಿದ್ದೆ. ಪ್ರತಿ ಸೋಮವಾರ ಹಾಕುತ್ತಿದ್ದೆ. ನನ್ನ ತಾಯಿ ಹಾಕುತ್ತಿದ್ದಳು, ಅದಕ್ಕೆ ನಾನೂ ಹಾಕುತ್ತಿದ್ದೆ. ಅದು ನನ್ನ ಲೆಕ್ಕದಲ್ಲಿ ಸಿಹಿಯಲ್ಲ, ಖಾರ ಉಪ್ಪಿನ ಜೊತೆಗಾರ. ಒಂದು ಕೈಯಿಂದ ಬೆಲ್ಲದ ಡಬ್ಬಿಗೆ ದಾರ ಕಟ್ಟಿ ಇನ್ನೊಂದು ಕೈಯಿಂದ ಖಿಚಡಿಗೆ ಸಕ್ಕರೆ ಉದುರಿಸುವಾಗ ಎರಡೂ ಕೈಗಳು ಒಂದೇ ಮೈಯವು ಎಂದು ನನಗೆ ಅನಿಸಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಲ್ಯಾಬಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಕೇಳಿದೆ, "ಸಕ್ರಿ ಹಾಕೂದು ಗೊತ್ತಿದ್ರ ಯಾಕ ಹೇಳಲಿಲ್ಲ?"

"ನೀವ ಹಾಕೂದಲ್ರಿ. ಲೆಕ್ಕ ನೋಡೇ ಹಾಕತಿರಬೇಕು ಅಂದಕೊಂಡೆ" ಎಂದಳು.

ಕಳ್ಳಿ ಎನಿಸಿಕೊಂಡ ಮೇಲೂ ಅವಳು ನನ್ನ ಚಮಚೆಯ ಮೇಲೆ ನಂಬಿಕೆ ಇಟ್ಟಿದ್ದಳು. ನಾನು ಅವಳ ಬಾಯಿಯ ಮೇಲೆ ಇಡಲಿಲ್ಲ. ತಾ ಕಳ್ಳ ಪರರ ನಂಬ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮಂಗಳವಾರ ನಿಟ್ಟುಪವಾಸ ಲ್ಯಾಬಿಗೆ ಹೋದೆವು. ಸಂಖ್ಯೆ ನನ್ನ ವಹಿಯ ಸಂಖ್ಯೆಗೆ ಸರಿಯಾಗಿ ಬಂತು. ಧಾರವಾಡದಲ್ಲಿ ಸಕ್ಕರೆಯ ಡಾಕ್ಟರು ಹಳೆಯ ಮೂರು ಕಾಗದ, ಹೊಸದೊಂದು ಕಾಗದ ಮುಂದಿಟ್ಟುಕೊಂಡು ಎಲ್ಲ ಕೇಳಿ, ಕನ್ನಡಕ ತೆಗೆದು ನಕ್ಕರು. "ನೀವೊಬ್ಬರ ಅಲ್ರಿ ಮಾಸ್ತರ. ಶ್ರಾವಣ ಬಂತಂದ್ರ ನಮ್ಮ ಕಡೆ ಉಪಾಸ ಮಾಡಿದವರದ ಸಕ್ರಿ ಏರತೈತಿ, ಉಂಡವರದ ಇಳೀತೈತಿ" ಎಂದರು. ಇನ್ನು ಮೇಲೆ ಉಪವಾಸ ಎನ್ನುವುದಿಲ್ಲ, ಖಾಲಿ ಹೊಟ್ಟೆ ಎನ್ನುತ್ತೇನೆ ಎಂದೂ ಹೇಳಿದರು. ಗುಳಿಗೆಗಳು ಹಳೆಯ ಲೆಕ್ಕಕ್ಕೆ ಬಂದವು. ಸೋಮವಾರಕ್ಕೆ ಏನು ತಿನ್ನಬೇಕು ಎಂದು ಅವಳೇ ಕೇಳಿದಳು. ಹುರಿದ ಶೇಂಗಾ, ಮೊಸರು, ಮಜ್ಜಿಗೆ, ಸೌತೆಕಾಯಿ ಎಂದರು. ಶಿವನಿಗೆ ಏನೂ ಅಭ್ಯಂತರವಿರಲಿಲ್ಲ.

ಮನೆಗೆ ಬಂದ ಮೇಲೆ ರಾಮದುರ್ಗದಿಂದ ಫೋನ್ ಬಂತು. ಅಕ್ಕನ ಗಂಡನಿಗೆ ನಾನು ಹೇಳಿದ ಮಾತು ಕೇಳಿ: "ಲ್ಯಾಬಿನವರು ಬರೋಬ್ಬರಿ ಹೇಳಿರಲಿಲ್ರಿ, ಅದಕ್ಕ ಗಡಿಬಿಡಿ ಆತು." ಅವಳು ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡು ಒಳಗೆ ಹೋದಳು. ಅಂದಿನಿಂದ ಆಪರೇಷನ್ ಆಗುವವರೆಗೆ ದಿನಾ ಬೆಳಿಗ್ಗೆ ತಪ್ಪಾತು ಎಂಬ ಮೂರು ಅಕ್ಷರ ಹೇಳಬೇಕೆಂದು ಏಳುತ್ತಿದ್ದೆ. ದಿನಾ ಬೇರೆ ಏನಾದರೂ ಹೇಳುತ್ತಿದ್ದೆ. ಮಕ್ಕಳಿಂದ ಆ ಶಬ್ದವನ್ನು ನೂರು ಸಲ ಬರೆಸಿದ್ದೇನೆ. ಅದು ಬಾಯಿಯಲ್ಲಿ ಹೇಗೆ ತಿರುಗುತ್ತದೆ ಎಂದು ನನಗೇ ಅಭ್ಯಾಸವಿರಲಿಲ್ಲ.

ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರು ಹೇಳಿದಷ್ಟು ದಿನ ಕಪ್ಪು ಕನ್ನಡಕ ಹಾಕಿ, ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿಯ ಹನಿ ಹಾಕಿಸಿಕೊಂಡಳು. ಹನಿ ಹಾಕುವಾಗ ನನ್ನ ಮುಖ ಅವಳ ಮುಖದ ನೇರ ಮೇಲಿರುತ್ತಿತ್ತು. ನಾನು ಹನಿ ಎಣಿಸುತ್ತಿದ್ದೆ.

ಹೊಲಿಯಬಹುದು ಎಂದು ಡಾಕ್ಟರು ಅಪ್ಪಣೆ ಕೊಟ್ಟ ಮರುದಿನ ಬೆಳಿಗ್ಗೆ, ಒಂದು ರೊಟ್ಟಿ, ಕಾಳು ಪಲ್ಯ ತಿಂದು, ಕೌದಿ ಹಾಸಿಕೊಂಡು ಪಡಸಾಲೆಯ ಬೆಳಕಿಗೆ ಕುಳಿತಳು. ನಾನು ರೂಢಿಯಂತೆ ದಾರ ಪೋಣಿಸಲು ಅರಿವೆಯ ಉಂಡೆಯಿಂದ ಒಂದು ಖಾಲಿ ಸೂಜಿ ಕಿತ್ತೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹೊಲಿಗೆಯ ಪೆಟ್ಟಿಗೆಯಿಂದ ಒಂದು ಕೆಂಪು ದಾರ ತೆಗೆದಳು. ಒಂದು ತುದಿ ಹರಿದು, ಎಳೆ ಎಳೆ ಬಿಟ್ಟು ಜುಬುರಾಗಿತ್ತು. ಬೆಲ್ಲದ ಡಬ್ಬಿಯ ದಾರ ಅದು, ಎತ್ತಿ ಇಟ್ಟಿದ್ದಳು. ಜುಬುರನ್ನು ನಾಲಿಗೆಗೆ ಹಚ್ಚಿ ಹೊಸೆದು, ಒಂದೇ ಸಲಕ್ಕೆ ಸೂಜಿಯ ಕಣ್ಣಿನಲ್ಲಿ ತೂರಿಸಿದಳು.

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಆವತ್ತ ನನ್ನ ಕಳ್ಳಿ ಅಂದ್ರಿ. ಆವಾಗ ನಿಮ್ಮ ಮಾರಿ ನನಗ ಮಂಜಮಂಜ ಕಾಣತಿತ್ತು. ಈಗ ಚಂದಂಗ ಕಾಣತೈತಿ. ಇನ್ನೊಮ್ಮೆ ಅನ್ರಿ, ಅನ್ನೂ ಮುಂದ ಮಾರಿ ಹೆಂಗ ಆಗತೈತಿ ನೋಡತೇನಿ."

ಸಿಟ್ಟಿನಿಂದ ಹೇಳಲಿಲ್ಲ, ಹಾಸ್ಯಕ್ಕೂ ಹೇಳಲಿಲ್ಲ. ನಿಜವಾಗಿಯೂ ನೋಡಬೇಕಾಗಿತ್ತು ಅವಳಿಗೆ. ಕಾಯುತ್ತ ಕುಳಿತಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕಣ್ಣು ತಪ್ಪಿಸಿದರೆ ಅದೂ ಅವಳಿಗೆ ಈಗ ಕಾಣುತ್ತದೆ. ಬಾಯಿ ತೆರೆದೆ.

"ತಪ್ಪಾತು" ಎಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನಂತರ "ಹೂಂ" ಎಂದು ತಲೆ ಬಗ್ಗಿಸಿ, ತಾಯಿಯ ಸೀರೆಯ ಚೌಕದ ಮೇಲೆ ಕೆಂಪು ಹೊಲಿಗೆ ಹಾಕತೊಡಗಿದಳು. ದಾರ ಗಿಡ್ಡ, ಬೇಗ ತೀರಿತು. ದಾರದ ಉಂಡೆಯಿಂದ ಹೊಸ ದಾರ ಎಳೆದು ನನ್ನ ಕಡೆ ಚಾಚಿದಳು.

"ಇಷ್ಟ ಉದ್ದ ಹರದ ಕೊಡ್ರಿ" ಎಂದಳು. ನಾನು ಕತ್ತರಿಗಾಗಿ ಅತ್ತಿತ್ತ ನೋಡಿದೆ. "ಕತ್ತರಿ ಯಾಕ? ಹಲ್ಲಿಲೆ ಹರೀರಿ. ನಿಮಗ ರೂಢಿ ಐತಿ."

ಹರಿದು ಕೊಟ್ಟೆ.